ಕ್ಯಾಂಟೀನಿನ ಕರಿಹಲಗೆಯೂ ಸಾಹೇಬರ ಕಾರೂ

ನಾನು ಕೋಪಿಷ್ಠನಲ್ಲ. ಕೋಪ ಬರಿಸುವಂಥದ್ದೆಲ್ಲ ನಾನಿರುವ ಕಡೆಯೇ ಹುಡುಕಿಕೊಂಡು ಬಂದು ನಡೆಯುತ್ತದೆ, ಅಷ್ಟೆ. ಉಳಿದವರು ಕಾರ್ಖಾನೆಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಸಂಜೆ ಸೈಕಲ್ ಹತ್ತಿ ಮನೆಗೆ ಬರುತ್ತಾರೆ. ನಾನು ಅಷ್ಟನ್ನೂ ಮಾಡಿ, ಮೇಲೆ ದಿನಕ್ಕೊಂದು ಜಗಳವನ್ನೂ ಆಡಿ ಬರುತ್ತಿದ್ದೆ. ಕ್ಯಾಂಟೀನಿನಲ್ಲಿ ನನಗೆ ಇಟ್ಟಿದ್ದ ಹೆಸರು ಒಣಮೆಣಸಿನಕಾಯಿ. ಅದನ್ನು ಇಟ್ಟವನ ಮೇಲೂ ನನಗೆ ಕೋಪವಿದೆ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಮಾತು. ಗಡಿಯಾಚೆ ತಮಿಳುನಾಡಿನ ಹೊಸೂರಿನಲ್ಲಿ, ಮೂಕಂಡಪಲ್ಲಿ ಪಕ್ಕದಲ್ಲಿ ಲಾರಿಗಳ ಬಿಡಿಭಾಗ ಮಾಡುವ ಒಂದು ಚಿಕ್ಕ ಕಾರ್ಖಾನೆ. ನಾನು ಅಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಸ್ಟೋರಿನ ಹಿಂದೆ ಒಂದು ಜಾಗವಿತ್ತು. ಲೇತಿನಿಂದ ಬಂದ ಕಬ್ಬಿಣದ ಸುರುಳಿ, ತುಕ್ಕು ಹಿಡಿದ ಡ್ರಮ್ಮು, ಮುರಿದ ಬೆಂಚು, ಎಲ್ಲವನ್ನೂ ಅಲ್ಲಿ ಸುರಿಯುತ್ತಿದ್ದರು. ಅದನ್ನು ತೆಗೆಸಿ ನಮಗೊಂದು ವಾಲಿಬಾಲ್ ಕೋರ್ಟು ಮಾಡಿಕೊಡಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದೆ. ಹೊಸ ವರ್ಷದ ದಿನ ಮತ್ತೆ ಕೇಳಿದೆ.

ನಮ್ಮ ವರ್ಕ್ಸ್ ಮ್ಯಾನೇಜರ್ ಮದ್ರಾಸಿನವರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರು ತಮಿಳಿನಲ್ಲಿ ಹೇಳಿದ್ದು ಇಷ್ಟು: "ನಿಮಗೆಲ್ಲ ಆಟದ ಮೇಲೆ ಆಸಕ್ತಿಯಿಲ್ಲ, ಕೆಲಸ ತಪ್ಪಿಸೋದರ ಮೇಲೆ ಆಸಕ್ತಿ. ಇದೆ ಅನ್ನೋದಾದರೆ ತೋರಿಸು. ಕ್ಯಾಂಟೀನಿನ ಕರಿಹಲಗೆ ಖಾಲಿ ಬಿದ್ದಿದೆ. ವರ್ಷ ಪೂರ್ತಿ ಪ್ರಪಂಚದ ಆಟಗಳ ಫಲಿತಾಂಶ ಅದರ ಮೇಲೆ ಬರಿ. ಊಟದ ಗಂಟೆ ಮುಗಿಯೋದರೊಳಗೆ ಬರೆದಿರಬೇಕು. ರೇಡಿಯೋದಲ್ಲಿ ಕೇಳಿದೆ ಅನ್ನೋದು ನಡೆಯಲ್ಲ, ಪೇಪರಿನಲ್ಲಿ ಬಂದದ್ದು ತೋರಿಸಬೇಕು. ಒಂದೇ ಒಂದು ತಪ್ಪು ಸಿಕ್ಕಿದರೂ ಕೋರ್ಟಿಲ್ಲ. ತಪ್ಪೇ ಇಲ್ಲದಿದ್ದರೆ ಬರೋ ಜನವರಿಗೆ ಕೋರ್ಟು ನಿನ್ನದು."

ಸೋಲಲಿ ಎಂದೇ ಇಟ್ಟ ಷರತ್ತು ಅದು. ಮೈ ಉರಿದು ಹೋಯಿತು. ಆಗಲಿ ಸಾರ್ ಎಂದೆ.

ಗ್ರಹಣ

ಹಲಗೆಯ ಎಡಗಡೆ ಕನ್ನಡ, ಬಲಗಡೆ ತಮಿಳು, ಕೆಳಗೆ ಜಾಗ ಉಳಿದರೆ ತೆಲುಗು. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಪೇಪರ್ ತೆಗೆದುಕೊಂಡು, ಊಟದ ಹೊತ್ತಿಗೆ ಅನ್ನ ಬಿಟ್ಟು ಸೀಮೆಸುಣ್ಣ ಹಿಡಿಯುತ್ತಿದ್ದೆ. ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಇಂಗ್ಲೆಂಡಿನ ಮೇಲೆ ಟೆಸ್ಟ್ ಪಂದ್ಯ. ಒಂದು ದಿನ ಬರೆದೆ: "ಇಂದು ಆಟವಿಲ್ಲ. ಸೂರ್ಯಗ್ರಹಣ."

ಅವತ್ತು ಕಾರ್ಖಾನೆಗೆ ಅರ್ಧ ಜನ ಬಂದಿರಲಿಲ್ಲ. ಕ್ಯಾಂಟೀನಿನವನು ಒಲೆಯನ್ನೇ ಹಚ್ಚಿರಲಿಲ್ಲ. ಸಾಹೇಬರು ಹಸಿದುಕೊಂಡು ಬಂದರು, ಹಲಗೆ ನೋಡಿದರು, ಅವರ ಮುಖ ಅರಳಿತು.

"ಮಳೆಗೆ ಆಟ ನಿಂತದ್ದು ಕೇಳಿದ್ದೇನೆ. ಗ್ರಹಣಕ್ಕೆ ಟೆಸ್ಟ್ ಮ್ಯಾಚ್ ನಿಲ್ಲಿಸ್ತಾರೇನಯ್ಯಾ? ತಪ್ಪು ಸಿಕ್ಕಿತು. ಮುಗೀತು ನಿನ್ನ ಕೋರ್ಟು."

ನಾನು ಪೇಪರ್ ಬಿಡಿಸಿ ಅವರ ಮೂಗಿನ ಹತ್ತಿರ ಹಿಡಿದೆ. ಗ್ರಹಣಕ್ಕಾಗಿಯೇ ಆ ದಿನ ಆಟಕ್ಕೆ ರಜೆ ಕೊಟ್ಟಿದ್ದಾರೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವರು ಎರಡು ಸಲ ಓದಿದರು. ಹಸಿವಿನಲ್ಲಿ ಓದಿದ್ದರಿಂದ ಇನ್ನೂ ಸಿಟ್ಟು ಬಂದಿರಬೇಕು.

ಆಮೇಲೆ ಆ ಪಂದ್ಯದಲ್ಲಿ ಒಂದು ಘಟನೆ ನಡೆಯಿತು. ಅಂಪೈರು ಔಟು ಕೊಟ್ಟ ಇಂಗ್ಲೆಂಡಿನ ಆಟಗಾರನನ್ನು, ಅವನು ಔಟಲ್ಲವೆಂದು ನಮ್ಮ ನಾಯಕರೇ ವಾಪಸ್ಸು ಕರೆದರು. ಅವನು ಬಂದು ನಿಂತ. ಜೊತೆಗಿದ್ದವನು ಸೆಂಚುರಿ ಹೊಡೆದ. ನಾವು ಸೋತೆವು. ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು. ನಾನು ಹೊಗಳಲಿಲ್ಲ. ಆದರೂ ಇದ್ದದ್ದನ್ನು ಇದ್ದಂತೆ ಬರೆದೆ.

ಮರುದಿನ ನಮ್ಮ ಮೇಸ್ತ್ರಿ ಕೆಲಸಕ್ಕೆ ತಡವಾಗಿ ಬಂದರು. ಈ ಮೇಸ್ತ್ರಿ ಜೂಜುವಾಡಿಯವರು, ಬೆಳಿಗ್ಗೆ ಹೊಲದ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುವವರು, ಮತ್ತು ನಾನು ಹೌದು ಅಂದದ್ದಕ್ಕೆಲ್ಲ ಅಲ್ಲ ಅನ್ನಲೆಂದೇ ಹುಟ್ಟಿದವರು. ವಾಚ್‌ಮನ್ ಗೇಟು ಹಾಕಿದ್ದ. ಒಳಗೆ ಸಾಹೇಬರು ನಿಂತಿದ್ದರು. ಮೇಸ್ತ್ರಿ ಹೊರಗಿನಿಂದಲೇ ಕೂಗಿದರು: "ಸಾರ್, ಔಟಾದೋನ್ನೇ ವಾಪಸ್ ಕರ್ದವ್ರೆ ನಮ್ಮೋರು. ನಾನು ಬರೀ ಲೇಟು!"

ಸಾಹೇಬರು ನಕ್ಕು ಗೇಟು ತೆಗೆಸಿದರು. ಮುಂದಿನ ವಾರ ನಾನು ಐದು ನಿಮಿಷ ತಡವಾದಾಗ ಅದೇ ಮಾತು ಹೇಳಿದೆ. "ಒಂದು ಮ್ಯಾಚಿನಲ್ಲಿ ಒಬ್ಬನನ್ನೇ ಕರೆಯೋದು" ಎಂದರು.

ಚಾಂಪಿಯನ್ ಚಿತ್ರಾನ್ನ

ಮಾರ್ಚ್ ತಿಂಗಳಲ್ಲಿ ನಮ್ಮ ಬೆಂಗಳೂರಿನ ಆಟಗಾರನೊಬ್ಬ ಇಂಗ್ಲೆಂಡಿಗೆ ಹೋಗಿ, ಇಂಡೋನೇಷ್ಯಾದ ದೊಡ್ಡ ಆಟಗಾರನನ್ನು ನೇರ ಗೇಮುಗಳಲ್ಲಿ ಸೋಲಿಸಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ. ಅದನ್ನು ಗೆದ್ದ ಮೊದಲ ಭಾರತೀಯ. ಆ ಸುದ್ದಿಯನ್ನು ಹಾಡು ಗುನುಗುತ್ತಾ ಬರೆದೆ. ವರ್ಷದಲ್ಲಿ ಅದೊಂದು ದಿನ.

ಬಲಗಡೆ ತಮಿಳಿನಲ್ಲಿ ಎರಡು ಸಾಲು. ಮೇಲಿನ ಸಾಲಿನಲ್ಲಿ "ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಚಾಂಪಿಯನ್", ಕೆಳಗಿನ ಸಾಲಿನಲ್ಲಿ ಹೆಸರು. ಬರೆದು ಕೈ ತೊಳೆಯಲು ಹೋದೆ. ಅಷ್ಟರಲ್ಲಿ ಕ್ಯಾಂಟೀನಿನವನು ಬಂದ. ಅವನಿಗೆ ಆ ದಿನದ ತಿಂಡಿ ಬರೆಯಲು ಜಾಗ ಬೇಕಿತ್ತು. ಹೆಗಲ ಮೇಲಿನ ಒದ್ದೆ ಬಟ್ಟೆಯಿಂದ ಕೆಳಗಿನ ಸಾಲು ಒರೆಸಿ, ತನಗೆ ಬೇಕಾದದ್ದು ಬರೆದು ಹೋದ.

ನಾನು ಬರುವ ಹೊತ್ತಿಗೆ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತು ಗಟ್ಟಿಯಾಗಿ ಓದುತ್ತಿದ್ದರು: "ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಚಾಂಪಿಯನ್, ಚಿತ್ರಾನ್ನ."

ಇಡೀ ಕ್ಯಾಂಟೀನು ತಟ್ಟೆ ಬಿಟ್ಟು ನಗುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. "ಸಾರ್, ಕನ್ನಡದ ಕಡೆ ನೋಡಿ, ಸರಿಯಾಗಿದೆ!" ಎಂದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ನೀನು ಓದಿದರೆ ನಾನು ನಂಬಲ್ಲ. ಮೇಸ್ತ್ರೀ, ನೀನು ಓದು" ಎಂದರು.

ನನ್ನ ಕೋರ್ಟು ಮೇಸ್ತ್ರಿಯ ಬಾಯಿಗೆ ಬಿತ್ತು. ಅವರು ನಿಧಾನವಾಗಿ ಕೈ ತೊಳೆದರು, ಒರೆಸಿಕೊಂಡರು, ಹಲಗೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದರು.

"ಕಾಣ್ತಿಲ್ಲ ಸಾರ್. ಕನ್ನಡಕ ತತ್ತೀನಿ."

ಕನ್ನಡಕ ತರಲು ಹೋದವರು ಕಾಲು ಗಂಟೆ ಬರಲಿಲ್ಲ. ದಾರಿಯಲ್ಲಿ ಒಂದು ಟೀ ಕುಡಿದು ಬಂದರೆಂದು ಆಮೇಲೆ ಗೊತ್ತಾಯಿತು. ಬಂದವರು ಒಂದೊಂದು ಅಕ್ಷರವನ್ನೂ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂಡಿಸಿ ಓದಿದರು. ಹೆಸರು ಸರಿಯಾಗಿಯೇ ಇತ್ತು. ಸಾಹೇಬರು ಗೊಣಗಿಕೊಂಡು ಹೊರಟರು. ಅವತ್ತಿನಿಂದ ಹಲಗೆಯನ್ನು ನಾನೊಬ್ಬನೇ ಮುಟ್ಟಬೇಕೆಂದು ಆರ್ಡರಾಯಿತು.

ನಾನು ಕ್ಯಾಂಟೀನಿನವನ ಮೇಲೆ ಹಾರಿಬಿದ್ದೆ. ಅವನು ತಣ್ಣಗೆ ಹೇಳಿದ: "ಬಯ್ಬ್ಯಾಡಣ್ಣ. ದಿನಾ ಮಿಕ್ಕೋಗ್ತಿದ್ದ ಚಿತ್ರಾನ್ನ, ಚಾಂಪಿಯನ್ ಅಂದ್ಮೇಲೆ ಒಂದು ಅಗುಳೂ ಉಳೀನಿಲ್ಲ."

ಪೂರಿಯೊಳಗಿನ ಐದನೇ ಸೆಟ್ಟು

ನಮ್ಮೂರಿಗೆ ಬರುತ್ತಿದ್ದ ಪೇಪರಿನ ಬಗ್ಗೆ ಒಂದು ಮಾತು ಹೇಳಬೇಕು. ಬೆಂಗಳೂರು ನಲವತ್ತು ಕಿಲೋಮೀಟರು. ಆದರೂ ನಮಗೆ ಕಳಿಸುತ್ತಿದ್ದುದು ಹೊರಗಿನ ಊರುಗಳಿಗೆಂದು ಮೊದಲೇ ಅಚ್ಚು ಮಾಡಿದ ಪೇಪರು. ಪ್ರಪಂಚದಲ್ಲಿ ರಾತ್ರಿ ನಡೆದದ್ದು ಹೊಸೂರಿನಲ್ಲಿ ಮಾರನೇ ದಿನವೂ ನಡೆದಿರುತ್ತಿರಲಿಲ್ಲ. ಇದರ ಬಗ್ಗೆ ಪತ್ರಿಕೆಗೆ ಮೂರು ಕಾಗದ ಬರೆದಿದ್ದೆ. ಅವೂ ತಡವಾಗಿ ತಲುಪಿರಬೇಕು.

ಜುಲೈನಲ್ಲಿ ವಿಂಬಲ್ಡನ್ ಫೈನಲ್. ಕರೆಂಟ್ ಕಟ್ಟಿನ ಕಾಲ, ಒಂದೊಂದು ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ, ನಮಗೆ ಶುಕ್ರವಾರ. ಹಾಗಾಗಿ ಮರುದಿನ ಭಾನುವಾರವಾದರೂ ಕೆಲಸವಿತ್ತು. ಬೆಳಿಗ್ಗೆ ಪೇಪರ್ ಬಿಡಿಸಿದರೆ ನಾಲ್ಕನೇ ಸೆಟ್ಟಿಗೇ ಸುದ್ದಿ ನಿಂತಿದೆ! "ಆಟ ಮುಂದುವರಿದಿತ್ತು" ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಪಕ್ಕದ ಮನೆಯ ರೇಡಿಯೋದಲ್ಲಿ ಯಾರು ಗೆದ್ದರೆಂದು ನಾನು ಕೇಳಿದ್ದೆ, ಆದರೆ ರೇಡಿಯೋ ನಡೆಯದು. ಸಾಹೇಬರಿಗೂ ಅದು ಗೊತ್ತಿತ್ತು. ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಿ, "ಇವತ್ತು ಏನು ಬರೀತೀಯ ನೋಡ್ತೀನಿ" ಎಂದು ಮೀಸೆಯೊಳಗೆ ನಕ್ಕರು.

ಊಟದ ಗಂಟೆ ಬಾರಿಸಿದ್ದೇ ಸೈಕಲ್ ಹತ್ತಿದೆ. ಜೂಜುವಾಡಿಯ ಹತ್ತಿರ, ಗಡಿಯಲ್ಲಿ, ಬೆಂಗಳೂರಿನಿಂದ ಬಂದ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಯಾವನಾದರೂ ಡ್ರೈವರಿನ ಹತ್ತಿರ ಬೆಂಗಳೂರಿನ ಪೇಪರ್ ಇರಲೇಬೇಕು. ಲಾರಿಯಿಂದ ಲಾರಿಗೆ ಹತ್ತಿ ಇಳಿದೆ. ಒಬ್ಬ ನನ್ನನ್ನು ಚೆಕ್‌ಪೋಸ್ಟಿನವನೆಂದು ತಿಳಿದು ಕಾಗದಪತ್ರ ತೆಗೆದು ತೋರಿಸಿದ. ಏಳನೇ ಲಾರಿಯಲ್ಲಿ ಸೇಲಂ ಕಡೆಯ ಡ್ರೈವರೊಬ್ಬ ತೊಡೆಯ ಮೇಲೆ ಪೊಟ್ಟಣ ಬಿಚ್ಚಿಕೊಂಡು ಪೂರಿ ತಿನ್ನುತ್ತಿದ್ದ. ಪೊಟ್ಟಣದ ಅಂಚಿನಲ್ಲಿ ಟೆನಿಸ್ ಬ್ಯಾಟು ಹಿಡಿದ ಒಂದು ಕೈ ಕಾಣಿಸಿತು.

"ಆ ಪೇಪರ್ ಕೊಡಪ್ಪ!"

ಅವನು ತಮಿಳಿನಲ್ಲಿ, ತಿನ್ನುವುದು ಮುಗಿಯಲಿ ಎಂದ. ಇನ್ನೂ ನಾಲ್ಕು ಪೂರಿ ಇದ್ದವು. ನನಗೆ ಹೊತ್ತಿರಲಿಲ್ಲ. "ಅಷ್ಟು ಅವಸರವಿದ್ದರೆ ಎರಡು ನೀನು ತಿನ್ನು" ಎಂದ. ನಿಂತಲ್ಲೇ ತಿಂದೆ. ಅಷ್ಟು ಕೋಪದಲ್ಲಿ ನಾನು ಯಾವತ್ತೂ ಪೂರಿ ತಿಂದಿಲ್ಲ.

ಊಟದ ಗಂಟೆ ಮುಗಿಯಲು ಎರಡು ನಿಮಿಷವಿರುವಾಗ ಬಂದು ಬರೆದೆ. ನಾಲ್ಕನೇ ಸೆಟ್ಟಿನ ಟೈಬ್ರೇಕರು ಹದಿನೆಂಟು ಹದಿನಾರರಲ್ಲಿ ಮುಗಿದದ್ದು, ಆ ಸೆಟ್ಟು ಸೋತವನೇ ಐದನೆಯದನ್ನು ಎಂಟು ಆರರಲ್ಲಿ ಗೆದ್ದು ಸತತ ಐದನೇ ಬಾರಿ ಚಾಂಪಿಯನ್ ಆದದ್ದು. ಸಾಹೇಬರು ಬಂದು, "ಎಲ್ಲಿ ನಿನ್ನ ಪೇಪರು?" ಎಂದರು. ಕೊಟ್ಟೆ. ಎಣ್ಣೆ ಇಳಿದ ಆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. "ಐದನೇ ಸೆಟ್ಟು ಕಾಣಿಸ್ತಿಲ್ಲವಲ್ಲ?"

"ಆಲೂಗಡ್ಡೆ ಪಲ್ಯ ಪಕ್ಕಕ್ಕೆ ಸರಿಸಿ ನೋಡಿ ಸಾರ್" ಎಂದೆ.

ಅರ್ಧ ಚಿನ್ನ

ಅದೇ ತಿಂಗಳ ಕೊನೆಗೆ ಮಾಸ್ಕೋ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿ ತಂಡ ಸ್ಪೇನನ್ನು ನಾಲ್ಕು ಮೂರರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ನಾನು ಕೆಂಪು ಸೀಮೆಸುಣ್ಣ ತಂದು ದೊಡ್ಡಕ್ಷರದಲ್ಲಿ ಬರೆದೆ. ಕ್ಯಾಂಟೀನಿನವನು ಎಲ್ಲರ ತಟ್ಟೆಗೂ ಒಂದೊಂದು ಚಮಚ ಕೇಸರಿಬಾತ್ ಹಾಕಿದ. ಅಂಚೆಟ್ಟಿಯ ಕಡೆಯಿಂದ ಬಂದ, ಹಾಕಿ ಕೋಲನ್ನೇ ನೋಡದ ವಾಚ್‌ಮನ್ ಕೂಡ ಕೈ ತಟ್ಟಿದ.

ಮೇಸ್ತ್ರಿ ಮಾತ್ರ ಕನ್ನಡಕ ಹಾಕಿಕೊಂಡು ಓದಿ, ತಲೆ ಅಲ್ಲಾಡಿಸಿದರು.

"ಅರ್ಧ ಚಿನ್ನ ಕಣ್ಲಾ ಇದು."

"ಏನು ಅರ್ಧ?"

"ದೊಡ್ಡ ದೊಡ್ಡ ದೇಶದೋರೆಲ್ಲ ಜಗಳ ಆಡ್ಕಂಡು ಮಾಸ್ಕೋಗೇ ಬರ್ನಿಲ್ಲ. ಎದುರಾಳಿ ಬರ್ದೇ ಇದ್ಮೇಲೆ ಗೆದ್ದಿದ್ದು ಹೆಂಗ್ಲಾ ಪೂರ್ತಿ ಗೆಲುವಾಯ್ತದೆ? ಅಳಿಸಿ ಅರ್ಧ ಅಂತ ಬರಿ. ಇಲ್ದಿದ್ರೆ ತಪ್ಪು ಅಂತ ಸಾಹೇಬರಿಗೆ ಹೇಳ್ತೀನಿ."

ಹಲ್ಲು ಕಡಿದೆ. ಕೆಂಪು ಸೀಮೆಸುಣ್ಣ ಕೈಯಲ್ಲೇ ಮುರಿಯಿತು. "ಅಣ್ಣಾ, ಗ್ರಹಣದ ದಿನ ಅರ್ಧ ಜನ ಕೆಲಸಕ್ಕೆ ಬರಲಿಲ್ಲ. ಬಂದವರನ್ನು ಇಟ್ಟುಕೊಂಡು ನೀವು ಆ ದಿನದ ಲಾರಿ ಲೋಡು ಪೂರ್ತಿ ಮುಗಿಸಿದಿರಿ. ಅದನ್ನು ಅರ್ಧ ಲೋಡು ಅಂತ ಬರೆಸಿದಿರಾ?"

ಕ್ಯಾಂಟೀನು ಹೋ ಎಂದಿತು. ಮೇಸ್ತ್ರಿ ಕನ್ನಡಕ ತೆಗೆದು ಒರೆಸಿದರು. ನಾನು ಗೆದ್ದೆನೆಂದುಕೊಂಡೆ.

"ಇಲ್ಲ," ಎಂದರು, "ಆದ್ರೆ ಅವತ್ತು ಯಾರೂ ನಂಗೆ ಚಿನ್ನ ಕೊಡ್ನಿಲ್ವಲ್ಲ."

ಅಳಿಸು

ಅಕ್ಟೋಬರಿನಲ್ಲಿ, ಪ್ರಪಂಚಕ್ಕೆಲ್ಲ ಗೊತ್ತಿದ್ದ ಆ ಹಳೆಯ ಬಾಕ್ಸಿಂಗ್ ಚಾಂಪಿಯನ್ ನಿವೃತ್ತಿ ಬಿಟ್ಟು ಮತ್ತೆ ಕಣಕ್ಕಿಳಿದು, ಪೂರ್ತಿ ಆಡಲೂ ಆಗದೆ ಸೋತ. ಬರೆದೆ. ಸಾಹೇಬರು ಬಂದು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಅಳಿಸು" ಎಂದರು.

"ಯಾಕೆ ಸಾರ್? ಪೇಪರ್ ಇದೆ."

"ಪೇಪರ್ ಇರಲಿ. ಅಳಿಸು. ನಾಳೆ ಬರಿ."

"ಅಳಿಸಿದರೆ ಕೋರ್ಟು ಹೋಗುತ್ತದೆ ಸಾರ್. ಷರತ್ತು ನಿಮ್ಮದೇ."

ಆ ಹಾಳು ಷರತ್ತು ಯಾಕೆ ಹಾಕಿದೆನೋ ಎಂದು ತಮಿಳಿನಲ್ಲಿ ಗೊಣಗಿ, ಊಟ ಮಾಡದೆ ಹೋದರು. ಇಡೀ ವರ್ಷದಲ್ಲಿ ಅವರ ಮೇಲೆ ನನಗೆ ಕೋಪ ಬರದ ದಿನ ಅದೊಂದೇ. ಕ್ಯಾಂಟೀನಿನವನು ಅವರ ರೂಮಿಗೇ ತಟ್ಟೆ ತೆಗೆದುಕೊಂಡು ಹೋದ. ಏನು ಕೊಟ್ಟೆ ಎಂದು ಕೇಳಿದೆ. "ಚಾಂಪಿಯನ್ ಚಿತ್ರಾನ್ನ" ಎಂದ.

ಕಾರು ೧೫, ಕಾರ್ಮಿಕರು ೦

ಡಿಸೆಂಬರ್ ಕೊನೆಯ ದಿನ ಹಲಗೆಯ ಮುಂದೆ ಸಾಹೇಬರು ನನ್ನ ಕೈ ಕುಲುಕಿದರು. ಒಂದು ತಪ್ಪೂ ಇರಲಿಲ್ಲ. ಜನವರಿಯಲ್ಲಿ ಡ್ರಮ್ಮು, ಬೆಂಚು, ಕಬ್ಬಿಣದ ಚೂರು ಎಲ್ಲ ಲಾರಿ ಹತ್ತಿದವು. ನೆಲ ಗಟ್ಟಿ ಮಾಡಿದೆವು. ಹಳೆಯ ಪೈಪಿನಲ್ಲಿ ಎರಡು ಕಂಬ ನೆಟ್ಟೆವು. ನಾನೇ ಮಂಡಿಯೂರಿ ಸುಣ್ಣದಲ್ಲಿ ಗೆರೆ ಎಳೆದೆ. ಕಸ ಹೋದ ಮೇಲೆ ನೋಡಿದರೆ ಅಲ್ಲೊಂದು ಬೇವಿನ ಮರವಿತ್ತು, ಕೋರ್ಟಿನ ಅರ್ಧಕ್ಕೆ ತಂಪು ನೆರಳು.

ಮರುದಿನ ಸಂಜೆ ಷಿಫ್ಟು ಮುಗಿಸಿ ಚೆಂಡು ಹಿಡಿದು ಹೋದೆವು. ಎರಡು ಕಂಬಗಳ ನಡುವೆ, ಆ ನೆರಳಿನಲ್ಲಿ, ಸಾಹೇಬರ ಅಂಬಾಸಿಡರ್ ಕಾರು ನಿಂತಿತ್ತು. ಸಾಹೇಬರು ರಾತ್ರಿ ಎಂಟರವರೆಗೆ ಆಫೀಸಿನಲ್ಲಿರುವವರು.

ಅವರ ರೂಮಿಗೆ ನುಗ್ಗಿದೆ. ಅವರು ಫೈಲಿನಿಂದ ತಲೆಯೆತ್ತದೆ ಹೇಳಿದರು: "ಕೋರ್ಟು ಕೊಡ್ತೀನಿ ಅಂದೆ, ಕೊಟ್ಟೆ. ಕಾರು ನಿಲ್ಲಿಸಲ್ಲ ಅಂದಿದ್ದೆನಾ? ಎಷ್ಟು ವರ್ಷದಿಂದ ಬಿಸಿಲಲ್ಲಿ ಕಾಯ್ತಿದೆ ಗೊತ್ತಾ ಪಾಪ ಅದು?"

ಒಂದು ವರ್ಷ. ಒಂದು ವರ್ಷ ಬಿಸಿ ಅನ್ನ ಬಿಟ್ಟಿದ್ದೇನೆ, ಲಾರಿ ಹತ್ತಿದ್ದೇನೆ, ಪರರ ಪೂರಿ ತಿಂದಿದ್ದೇನೆ. ಅದೂ ಒಂದು ಕಾರಿಗೆ ನೆರಳು ಮಾಡಿಕೊಡಲು! ಏನು ಹೇಳಬೇಕೆಂದು ಬಾಯಿಗೆ ಬರಲಿಲ್ಲ. ಆದರೆ ಕೈಗೆ ಬಂತು. ಮರುದಿನ ಮಧ್ಯಾಹ್ನ ಹಲಗೆಯ ಮೇಲೆ ಎರಡು ಭಾಷೆಯಲ್ಲೂ ಬರೆದೆ:

"ವಾಲಿಬಾಲ್. ಕಾರು ತಂಡಕ್ಕೆ ಜಯ. ಕಾರ್ಮಿಕರ ಮೇಲೆ ೧೫-೦, ೧೫-೦, ೧೫-೦."

ಸಾಹೇಬರು ಓದಿ ಕೆಂಪಾದರು. "ಪ್ರೂಫ್ ಎಲ್ಲಿ?" ಎಂದರು. ಕರೆದುಕೊಂಡು ಹೋಗಿ ಸುಣ್ಣದ ಗೆರೆಯ ಮೇಲಿನ ಟಯರಿನ ಗುರುತು ತೋರಿಸಿದೆ. ಒಂದು ವರ್ಷ ತಪ್ಪೇ ಮಾಡದ ಹಲಗೆಯೆಂದು ತಾವೇ ಎಲ್ಲರೆದುರು ಹೊಗಳಿದ್ದರು, ಈಗ ಸುಳ್ಳು ಎನ್ನುವ ಹಾಗಿರಲಿಲ್ಲ. ಕಾರನ್ನೂ ತೆಗೆಯಲಿಲ್ಲ. ಎರಡನೇ ದಿನವೂ ಕಾರು ಗೆದ್ದಿತು. ಮೂರನೇ ದಿನವೂ ಗೆದ್ದಿತು.

ನಾಲ್ಕನೇ ದಿನ ಮದ್ರಾಸಿನಿಂದ ಯಜಮಾನರು ಬಂದರು. ಕಾರ್ಖಾನೆಯ ಮಾಲೀಕರು, ವಯಸ್ಸಾದವರು, ಬಂದಾಗಲೆಲ್ಲ ನಮ್ಮ ಜೊತೆಯಲ್ಲೇ ಕೂತು ಊಟ ಮಾಡುವವರು. ಮೊಸರನ್ನ ಕಲಸುತ್ತಾ ಹಲಗೆಯ ತಮಿಳು ಕಡೆ ಓದಿದರು. ನಾಲ್ಕು ದಿನದ ಫಲಿತಾಂಶವೂ ಹಾಗೇ ಇತ್ತು. ಕೈ ನಿಲ್ಲಿಸಿದರು.

"ಈ ಕಾರು ಅನ್ನೋದು ಯಾವ ಊರಿನ ಟೀಮಪ್ಪ? ನಾಲ್ಕು ದಿನದಲ್ಲಿ ಒಂದು ಪಾಯಿಂಟೂ ಬಿಟ್ಟುಕೊಟ್ಟಿಲ್ಲವಲ್ಲ!"

ಕ್ಯಾಂಟೀನೆಲ್ಲ ತಟ್ಟೆ ನೋಡತೊಡಗಿತು. ಸಾಹೇಬರು ನೀರು ಕುಡಿದರು, ಕುಡಿದದ್ದು ನೆತ್ತಿಗೇರಿತು. ಬಾಯಿ ತೆರೆದವರು ಮೇಸ್ತ್ರಿ. ಜೀವಮಾನದಲ್ಲಿ ಮೊದಲ ಸಲ ನನ್ನ ಕಡೆಗೆ.

"ನಮ್ಮೂರಿನ ಟೀಮೇ ಸಾರ್. ಇಲ್ಲೇ ಹಿಂದ್ಗಡೆ, ಬೇವಿನ ಮರದ ಕೆಳಗವ್ರೆ. ನೋಡ್ಕಂಡು ಬತ್ತೀರಾ?"

ಯಜಮಾನರು ಕೈ ತೊಳೆದು ನೋಡಲು ಹೋದರು. ಏನು ಮಾತಾಯಿತೋ ಕೇಳಿಸಲಿಲ್ಲ. ವಾಪಸ್ಸು ಬರುವಾಗ ಅವರ ಹೊಟ್ಟೆ ನಗುವಿಗೆ ಕುಣಿಯುತ್ತಿದ್ದುದು ಮಾತ್ರ ಕಂಡಿತು. ಅರ್ಧ ಗಂಟೆಯಲ್ಲಿ ಸಾಹೇಬರೇ ಬಂದು ಕಾರು ಹೊರಡಿಸಿ, ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಲ್ಲಿಸಿದರು.

ಮರುದಿನ ನಾನು ಉಳಿದಿದ್ದ ಕೆಂಪು ಸೀಮೆಸುಣ್ಣದ ಚೂರು ಹುಡುಕಿ ತೆಗೆದೆ. ಹಲಗೆ ತುಂಬ ಬರೆದೆ: "ಕಾರು ತಂಡ ಬರಲಿಲ್ಲ. ಕಾರ್ಮಿಕರಿಗೆ ಜಯ!"

ಕ್ಯಾಂಟೀನಿನವನು ಕೇಸರಿಬಾತ್ ತಂದ. ವಾಚ್‌ಮನ್ ಕೈ ತಟ್ಟಿದ. ಮೇಸ್ತ್ರಿ ನಿಧಾನವಾಗಿ ಎದ್ದು ಬಂದರು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು, ಒಂದೊಂದೇ ಅಕ್ಷರ ಕೂಡಿಸಿ ಓದಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಎದುರಾಳಿನೇ ಬರ್ನಿಲ್ಲ ಅಂದ್ಮೇಲೆ, ಇದೂ ಅರ್ಧ ಗೆಲುವೇ ಕಣ್ಲಾ."